ಬ್ರೇಕ್ ಮೆತ್ತಗಾದ್ರ "ಇವಿ ಅಂದ್ರ ಹಂಗ ಇರ್ತದ" ಅನ್ನಬ್ಯಾಡ್ರಿ

1/10

ದೋಸ್ತರ, ಈ ಸಲದ ಸರಣಿ ಒಂದು ಮಾತಿನ ವಿರುದ್ಧ. ಆ ಮಾತು ನೀವೂ ಕೇಳಿರ್ತೀರಿ: "ಎಲೆಕ್ಟ್ರಿಕ್ ಕಾರಿಗೆ ಬ್ರೇಕ್ ಸರ್ವಿಸ್ ಬ್ಯಾಡೋ, ಮೋಟರ್ರೇ ಬ್ರೇಕ್ ಹಿಡಿತದ." ಇದರ ಬೆನ್ನಿಗೇ ಹುಟ್ಟಿದ ತಮ್ಮ ಒಬ್ಬ ಅದಾನ: "ಪೆಡಲ್ ಮೆತ್ತಗ ಐತೇನು? ಇವಿ ಅಂದ್ರ ಹಂಗ ಇರ್ತದ."

ಮೊದಲನೇ ಮಾತು ಅರ್ಧ ಖರೇ. ಎರಡನೇದು ಪೂರಾ ಸುಳ್ಳು. ಅರ್ಧ ಖರೇದ ಹೆಗಲ ಮ್ಯಾಲೆ ಕುಂತು ಪೂರಾ ಸುಳ್ಳು ಊರೂರು ತಿರಗ್ಲಾಕತ್ತೈತಿ.

"ಬಿಕಾಂ ಓದಾಂವಗ ಬ್ರೇಕ್ ಉಸಾಬರಿ ಯಾಕ?" ಅಂತ ಕೇಳಾಕ ಬರೂರು ಅದಾರ. ಲೆಕ್ಕ ಓದಾಂವ ಅಂತನ ಕೇಳ್ತೀನಿ. ಲೆಕ್ಕ ಇಲ್ಲೈತಿ ನೋಡ್ರಿ. ಗಂಟೆಗೆ 60 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 16 ಮೀಟರ್ ಚಿಲ್ಲರೆ. ಮೆತ್ತನ ಪೆಡಲ್ ಮೊದಲ ಸಲ ಒತ್ತಿದಾಗ ಕೆಳಗೆ ಹೋಗುತ್ತದೆ, ಎರಡನೇ ಸಲ ಒತ್ತಿದಾಗ ಹಿಡಿಯುತ್ತದೆ. ನಡುವೆ ಒಂದು ಸೆಕೆಂಡ್ ಹೋಯಿತು ಅಂತ ಹಿಡೀರಿ. ಆ ಒಂದು ಸೆಕೆಂಡಿನಾಗ ಕಾರು 16 ಮೀಟರ್ ಮುಂದ ಹೋಗಿರ್ತದ. 80ರಾಗ ಇದ್ರ 22 ಮೀಟರ್.

ಈಗ ಬಬಲೇಶ್ವರದಿಂದ ವಿಜಯಪುರಕ್ಕ ಹೋಗೋ ರಸ್ತೆ ನೆನಸ್ಕೊಳ್ರಿ. ಕಬ್ಬಿನ ಸೀಸನ್, ರಾತ್ರಿ ಎಂಟು ಗಂಟೆ, ಮುಂದ ಎರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್, ಹಿಂದಿನ ಟ್ರಾಲಿಗೆ ದೀಪ ಇಲ್ಲ, ರಿಫ್ಲೆಕ್ಟರ್ ಮ್ಯಾಲೆ ಕಬ್ಬಿನ ಸ್ವಾಗಿ ಜೋತಾಡ್ತಿರ್ತದ. ಅಲ್ಲಿ 16 ಮೀಟರ್ ಅಂದ್ರ ಏನಂತ ನಿಮಗ ನಾ ಹೇಳಬೇಕಾಗಿಲ್ಲ.

"ಹಂಗ ಇರ್ತದ" ಅನ್ನೂ ಮಾತಿನ ಬೆಲಿ ಅಷ್ಟು.

2/10

ಅರ್ಧ ಖರೇ ಅಂದೆನಲ್ಲ, ಅದನ್ನ ಮೊದಲು ಒಪ್ಪಿಕೊಂಡು ಮುಂದ ಹೋಗೂಣು. ಎದುರಿನವನ ಮಾತಿನಾಗ ಇರೋ ಸತ್ಯ ಮುಚ್ಚಿಟ್ಟು ವಾದ ಮಾಡಬಾರದು.

ಎಲೆಕ್ಟ್ರಿಕ್ ಕಾರಿನಲ್ಲಿ ನೀವು ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಮೋಟರ್ ಉಲ್ಟಾ ಕೆಲಸ ಶುರು ಮಾಡುತ್ತದೆ. ಅಲ್ಲಿವರೆಗೆ ಬ್ಯಾಟರಿ ಕರೆಂಟ್ ಕೊಟ್ಟು ಗಾಲಿ ತಿರುಗಿಸುತ್ತಿತ್ತು. ಈಗ ಗಾಲಿ ಮೋಟರನ್ನು ತಿರುಗಿಸಿ ಬ್ಯಾಟರಿಗೆ ಕರೆಂಟ್ ಕಳಿಸುತ್ತದೆ. ಸೈಕಲ್ಲಿನ ಡೈನಮೋ ಗಾಲಿಗೆ ತಾಗಿಸಿದ್ರ ತುಳಿಯೋದು ಭಾರ ಆಗ್ತಿತ್ತಲ್ಲ, ಅದ ಕಥಿ. ಇದಕ್ಕ ರೀಜನರೇಟಿವ್ ಬ್ರೇಕಿಂಗ್ ಅಂತಾರ, ಎಲ್ಲರ ಬಾಯಾಗ "ರೀಜೆನ್". ಇದೇನು ನಿನ್ನೆ ಮೊನ್ನೆ ಬಂದದ್ದಲ್ಲ. ನಮ್ಮ ಬೆಂಗಳೂರಾಗ ತಯಾರಾಗಿ 2001ರಲ್ಲಿ ರಸ್ತೆಗಿಳಿದ ರೇವಾ ಕಾರಿನಾಗೂ ಇತ್ತು.

ರೀಜೆನ್ ಇರೋದ್ರಿಂದ ಬ್ರೇಕ್ ಪ್ಯಾಡ್ ಕಡಿಮೆ ಸವೆಯುತ್ತವೆ. ಇಲ್ಲಿತನಕ ಖರೇ.

ಆದ್ರ ಮೂರು ಹೊತ್ತಿನಾಗ ರೀಜೆನ್ ಕೈ ಕೊಡ್ತದ. ಒಂದು, ಗಾಡಿ ಪೂರ್ತಿ ನಿಲ್ಲೋ ಮುಂಚೆ ವೇಗ ಬಹಳ ಇಳಿದಾಗ ಅದರ ಹಿಡಿತ ಸಡಿಲಾಗುತ್ತದೆ. ಎರಡು, ಬ್ಯಾಟರಿ 100 ಪರ್ಸೆಂಟ್ ತುಂಬಿದ್ದಾಗ ಕರೆಂಟ್ ಹಾಕಲು ಜಾಗ ಇರುವುದಿಲ್ಲ, ತುಂಬಿದ ಕೊಡಕ್ಕ ನೀರು ಹಾಕಿದಂಗ. ಮೂರು, ಮಗು ಅಡ್ಡ ಬಂತು, ಕುರಿ ಹಿಂಡು ಅಡ್ಡ ಬಂತು ಅಂತ ನೀವು ಗಕ್ಕನೆ ಒತ್ತಿದಾಗ ಗಾಡಿ ನಿಲ್ಲಿಸೋದು ಪ್ಯಾಡ್, ಡಿಸ್ಕ್, ಡ್ರಮ್ ಮತ್ತು ಅವಕ್ಕ ಬಲ ತಲುಪಿಸೋ ಎಣ್ಣಿ.

ಅಂದ್ರ ಆರಾಮ ಇದ್ದಾಗ ಮೋಟರ್. ಜೀವದ ಪ್ರಶ್ನೆ ಬಂದಾಗ ಹಳೇ ಬ್ರೇಕ್. ಅದನ್ನ ಮೂಲಿಗುಂಪು ಮಾಡಿ "ಬ್ಯಾಡ" ಅನ್ನೋದು ಯಾವ ಶಾಣ್ಯಾತನ?

3/10

ಕ್ಲಾಸ್‌ಮೇಟ್ಸ್, ಇದು ನಮಗಾಗಿಯೇ ಬರೆದದ್ದು. ಕಾಸ್ಟ್ ಅಕೌಂಟಿಂಗ್ ಮೊದಲ ಪಾಠ ನೆನಪೈತಿ? ಸ್ಥಿರ ವೆಚ್ಚ, ಬದಲಾಗುವ ವೆಚ್ಚ. ಫ್ಯಾಕ್ಟರಿ ನಡೆದಷ್ಟೂ ಏರುವುದು ಬದಲಾಗುವ ವೆಚ್ಚ. ನಡೆಯಲಿ ಬಿಡಲಿ, ತಿಂಗಳಾದರೆ ಕಟ್ಟಲೇಬೇಕಾದ ಬಾಡಿಗೆ ಸ್ಥಿರ ವೆಚ್ಚ.

ಬ್ರೇಕ್ ಪ್ಯಾಡ್ ಬದಲಾಗುವ ವೆಚ್ಚ. ಕಿಲೋಮೀಟರ್ ಓಡಿದಷ್ಟು, ಬ್ರೇಕ್ ಹಿಡಿದಷ್ಟು ಸವೆಯುತ್ತದೆ. ರೀಜೆನ್ ಕಡಿಮೆ ಮಾಡಿದ್ದು ಈ ಖರ್ಚನ್ನು.

ಬ್ರೇಕ್ ಎಣ್ಣೆ ಸ್ಥಿರ ವೆಚ್ಚ. ಅದು ಕಿಲೋಮೀಟರ್ ನೋಡೂದಿಲ್ಲ, ಕ್ಯಾಲೆಂಡರ್ ನೋಡ್ತದ. ಕಾರುಗಳಲ್ಲಿ ಸಾಮಾನ್ಯವಾಗಿ ಬಳಸುವ ಡಾಟ್ 3, ಡಾಟ್ 4 ಎಣ್ಣೆಗಳು ಗ್ಲೈಕಾಲ್ ಜಾತಿಯವು. ಇವು ಗಾಳಿಯಲ್ಲಿನ ತೇವ ಹೀರುತ್ತವೆ. ಮಳೆಗಾಲದಾಗ ಉಪ್ಪಿನ ಡಬ್ಬಿ ಮುಚ್ಚಳ ತೆಗೆದಿಟ್ರ ಉಪ್ಪು ಒದ್ದಿ ಆಗ್ತದಲ್ಲ, ಹಂಗ. ಗಾಡಿ ಮನಿ ಮುಂದ ನಿಂತಿದ್ದರೂ ರಬ್ಬರ್ ಹೋಸ್ ಮೂಲಕ, ಡಬ್ಬಿಯ ಮುಚ್ಚಳದ ಮೂಲಕ ಸ್ವಲ್ಪ ಸ್ವಲ್ಪ ತೇವ ಒಳಗೆ ಹೋಗುತ್ತಲೇ ಇರುತ್ತದೆ.

ಅದರಿಂದ ಏನಾಗ್ತದ? ಅಂಕಿ ನೋಡ್ರಿ. ಹೊಸ ಡಾಟ್ 4 ಎಣ್ಣೆ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ಅದರ ಮಾನದಂಡ. ಅದರಲ್ಲಿ 3.7 ಪರ್ಸೆಂಟ್ ನೀರು ಸೇರಿದರೆ ಮಾನದಂಡವೇ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 3ಕ್ಕೆ ಇದು 205 ಮತ್ತು 140. ನೂರಕ್ಕೆ ನಾಲ್ಕು ಪಾಲೂ ಇಲ್ಲದ ನೀರು 75 ಡಿಗ್ರಿ ಕಸಕೊಂಡು ಹೋಗ್ತದ.

ಇವಿಗೆ ಇನ್ನೂ ಎರಡು ಹೊರೆ. ಬ್ಯಾಟರಿಯಿಂದಾಗಿ ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ತೂಕ ಹೆಚ್ಚು. ಜೊತೆಗೆ ಬ್ರೇಕ್ ಬಳಕೆ ಕಡಿಮೆ ಆದ್ದರಿಂದ ಡಿಸ್ಕಿಗೆ ತುಕ್ಕು, ಕ್ಯಾಲಿಪರ್ ಜಾರುವ ಪಿನ್ನುಗಳು ಹಿಡಿದುಕೊಳ್ಳೋದು. ಬಳಸದ ಬಾವಿ ಪಾಚಿ ಕಟ್ಟಿದಂಗ.

ಬಹಳ ಕಂಪನಿಗಳ ಮ್ಯಾನ್ಯುಯಲ್‌ನಲ್ಲಿ ಬ್ರೇಕ್ ಎಣ್ಣೆ ಬದಲಿಸಲು ವರ್ಷದ ಲೆಕ್ಕ ಕೊಟ್ಟಿರುತ್ತಾರೆ, ಎರಡು ವರ್ಷ ಅನ್ನುವುದು ಸಾಮಾನ್ಯ. ನಿಮ್ಮ ಗಾಡಿದ್ದು ನೀವೇ ತೆಗೆದು ಓದ್ರಿ. ಗ್ಲೋವ್ ಬಾಕ್ಸಿನಾಗ ಪ್ಲಾಸ್ಟಿಕ್ ಸುದ್ಧಾ ಹರಿಯದಂಗ ಮಲಗಿರ್ತದ.

4/10

ಈಗ ರೋಗ ಗುರ್ತು ಹಿಡಿಯೂಣು. "ಮೆತ್ತಗ" ಅನ್ನೋದು ಒಂದ ಶಬ್ದ, ಅದರ ಹಿಂದ ನಾಲ್ಕು ಬ್ಯಾರೆ ಬ್ಯಾರೆ ಜಡ್ಡು ಇರಬಹುದು. ಡಾಕ್ಟರ್ ಹತ್ರ "ಹೊಟ್ಟಿ ನೋವು" ಅಂದಂಗ. ಎಲ್ಲಿ, ಯಾವಾಗ ಅಂತ ಕೇಳದ ಗುಳಿಗಿ ಕೊಟ್ರ ಅಂವ ಡಾಕ್ಟರಲ್ಲ.

ಮೂಲ ತತ್ವ ಪಿಯುಸಿ ಸೈನ್ಸ್‌ನವರಿಗೆ ಗೊತ್ತು: ಪಾಸ್ಕಲ್ ನಿಯಮ. ಮುಚ್ಚಿದ ನಳಿಗೆಯೊಳಗಿನ ದ್ರವದ ಒಂದು ತುದಿಗೆ ಒತ್ತಡ ಕೊಟ್ಟರೆ ಅದು ಎಲ್ಲಾ ಕಡೆ ಹಾಗೇ ತಲುಪುತ್ತದೆ. ದ್ರವ ಕುಗ್ಗೂದಿಲ್ಲ, ಗಾಳಿ ಕುಗ್ತದ. ಇಷ್ಟು ತಲಿಯಾಗ ಇಟಗೊಳ್ರಿ ಸಾಕು.

ಒಂದನೇ ಜಡ್ಡು: ಸ್ಪಂಜ್ ಒತ್ತಿದಂತೆ ಆಗುತ್ತದೆ, ಎರಡು ಮೂರು ಸಲ ಒತ್ತಿದರೆ ಪೆಡಲ್ ಮೇಲೆ ಬಂದು ಗಟ್ಟಿಯಾಗುತ್ತದೆ. ಲೈನಿನಲ್ಲಿ ಗಾಳಿ ಸೇರಿದೆ. ಗಾಳಿ ತಾನಾಗಿ ಬರಲ್ಲ. ಯಾರೋ ಬ್ರೇಕ್ ಬಿಚ್ಚಿ ಸರಿಯಾಗಿ ಗಾಳಿ ತೆಗೆದಿಲ್ಲ, ಇಲ್ಲವೇ ಎಲ್ಲೋ ಸೋರುತ್ತಿದೆ.

ಎರಡನೇದು: ಕಾಲು ಒತ್ತಿ ಹಿಡಿದರೆ ಪೆಡಲ್ ನಿಧಾನವಾಗಿ ಕೆಳಗೆ ಇಳಿಯುತ್ತಲೇ ಹೋಗುತ್ತದೆ. ಹೊರಗೆ ಸೋರಿಕೆ ಇರಬೇಕು, ಹೊರಗೆ ಹನಿ ಕಾಣದಿದ್ದರೆ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಸೀಲ್ ಮೇಲೆ ಗುಮಾನಿ. ಇದು ಇದ್ದ ಗಾಡಿ ರಸ್ತೆಗಿಳಿಯಬಾರದು. ಮಾತು ಮುಗೀತು.

ಮೂರನೇದು: ಪೆಡಲ್ ಬಹಳ ಕೆಳಗೆ ಹೋಗಿ ಆಮೇಲೆ ಗಟ್ಟಿಯಾಗುತ್ತದೆ. ಎಲ್ಲೋ ಅಂತರ ಹೆಚ್ಚಾಗಿದೆ. ಸವೆದ ಪ್ಯಾಡ್, ಹಿಡಿದುಕೊಂಡ ಪಿನ್, ಇಲ್ಲವೇ ಹಿಂದಿನ ಡ್ರಮ್ಮಿನ ಶೂ ಅಡ್ಜಸ್ಟ್ ತಪ್ಪಿರುವುದು. ಕಡಿಮೆ ರೇಟಿನ ಇವಿಗಳಲ್ಲಿ ಹಿಂದೆ ಡ್ರಮ್ ಬ್ರೇಕೇ ಸಾಮಾನ್ಯ, ಅದನ್ನ ಬಿಚ್ಚಿ ನೋಡೂರು ಕಡಿಮಿ.

ನಾಲ್ಕನೇದು: ಊರಾಗ ಚಲೋ ಇರ್ತದ, ಘಟ್ಟ ಇಳಿಯುವಾಗ ಮೆತ್ತಗಾಗುತ್ತದೆ. ಎಣ್ಣೆಯೊಳಗಿನ ನೀರು ಕುದ್ದು ಆವಿಯಾಗಿದೆ. ಆವಿನೂ ಗಾಳಿಯಂಗ ಕುಗ್ತದ. ಚೋರ್ಲಾ ಘಾಟ್ ಇಳಿದು ಗೋವಾಕ್ಕ ಹೊಂಟ ದೋಸ್ತರಿಗೆ ಇದು ವಿಶೇಷ ಸೂಚನೆ. ಘಟ್ಟದ ತಲಿ ಮ್ಯಾಲೆ ನಿಂತು ಬ್ಯಾಟರಿ ಪೂರ್ತಿ ತುಂಬಿಸ್ಕೊಂಡು ಇಳಿದ್ರ ರೀಜೆನ್ ಇಲ್ಲ, ಎಲ್ಲಾ ಬಿಸಿ ಪ್ಯಾಡಿನ ತಲಿಗೇ.

5/10

ಇನ್ನು ಮೆತ್ತಗ ಅಲ್ಲದ್ದನ್ನ ಮೆತ್ತಗ ಅನ್ನೂರೂ ಅದಾರ. ಅವರಿಗೂ ನ್ಯಾಯ ಮಾಡಬೇಕಲ್ಲ.

ಬೆಳಿಗ್ಗೆ ಫುಲ್ ಚಾರ್ಜ್ ಮಾಡಿ ಹೊಂಟ್ರಿ, ಕಾಲು ತೆಗೆದಾಗ ನಿನ್ನಿಯಂಗ ಗಾಡಿ ಹಿಡೀಲಿಲ್ಲ. ಇದು ಪೆಡಲ್ ದೋಷ ಅಲ್ಲ, ರೀಜೆನ್ ಕಡಿಮೆಯಾಗಿದೆ. ಬ್ಯಾಟರಿ ಸ್ವಲ್ಪ ಇಳಿದ ಮೇಲೆ ಮೊದಲಿನಂತಾಗುತ್ತದೆ. ಇಲ್ಲಿ ಪರೀಕ್ಷೆ ಸರಳ: ನಿಮ್ಮ ಕಾಲಿನ ಕೆಳಗೆ ಪೆಡಲ್ ಹೋಗುವ ದೂರ ಬದಲಾಗಿದೆಯೋ, ಅಥವಾ ಗಾಡಿ ನಿಧಾನವಾಗುವ ರೀತಿ ಮಾತ್ರ ಬದಲಾಗಿದೆಯೋ? ದೂರ ಬದಲಾಗಿದ್ರ ಗ್ಯಾರೇಜ್.

ಪೆಡಲ್ ಕಲ್ಲಿನಂಗ ಗಟ್ಟಿ ಆದ್ರ ಅದು ಬೇರೆ ರೋಗ. ಪೆಟ್ರೋಲ್ ಎಂಜಿನ್ ತಾನು ಉಸಿರೆಳೆಯುವಾಗ ಹುಟ್ಟುವ ನಿರ್ವಾತದಿಂದ ಬ್ರೇಕ್ ಬೂಸ್ಟರ್ ನಿಮ್ಮ ಕಾಲಿಗೆ ಬಲ ಕೊಡುತ್ತದೆ. ಇವಿಯಲ್ಲಿ ಎಂಜಿನ್ನೇ ಇಲ್ಲ. ಹಾಗಾಗಿ ಸಣ್ಣ ಎಲೆಕ್ಟ್ರಿಕ್ ವ್ಯಾಕ್ಯೂಮ್ ಪಂಪ್ ಇಡುತ್ತಾರೆ, ಇಲ್ಲವೇ ಮೋಟರ್ ಇರುವ ಎಲೆಕ್ಟ್ರಾನಿಕ್ ಬೂಸ್ಟರ್ ಹಾಕುತ್ತಾರೆ. ಇದು ಕೆಟ್ಟರೆ ಪೆಡಲ್ ಮೆತ್ತಗಾಗುವುದಿಲ್ಲ, ಗಟ್ಟಿಯಾಗುತ್ತದೆ. ಮೆತ್ತನ ಪೆಡಲ್ ತಗೊಂಡು ಹೋದವಗ "ಬೂಸ್ಟರ್ ಹೋಗೈತಿ, ಸಾವಿರಾರು ರೂಪಾಯಿ ಆಗ್ತದ" ಅಂತ ಯಾರಾದ್ರೂ ಅಂದ್ರ, ಮೊದಲು ಗಾಳಿ, ಸೋರಿಕಿ, ಡ್ರಮ್ ನೋಡಿದ್ರಿ ಏನು ಅಂತ ಕೇಳ್ರಿ.

ಹಂಗಂತ ಗಾಡಿ ತಯಾರಿಸುವವರು ತಪ್ಪೇ ಮಾಡಲ್ಲ ಅಂತ ಅಲ್ಲ. ಮೋಟರ್ ಬ್ರೇಕ್ ಮತ್ತು ಎಣ್ಣೆ ಬ್ರೇಕ್ ಎರಡನ್ನೂ ಸಾಫ್ಟ್‌ವೇರ್ ಜೋಡಿಸುತ್ತದೆ, ಅಲ್ಲೂ ದೋಷ ಬರಬಹುದು. 2010ರ ಫೆಬ್ರವರಿಯಲ್ಲಿ ಟೊಯೋಟಾ ಕಂಪನಿ ಜಗತ್ತಿನಾದ್ಯಂತ ಪ್ರಿಯಸ್ ಮತ್ತಿತರ ನಾಲ್ಕು ಲಕ್ಷಕ್ಕೂ ಹೆಚ್ಚು ಹೈಬ್ರಿಡ್ ಕಾರುಗಳನ್ನು ವಾಪಸ್ ಕರೆಸಿ ಬ್ರೇಕ್ ಸಾಫ್ಟ್‌ವೇರ್ ಬದಲಿಸಿತು. ಗುಂಡಿ ಬಿದ್ದ, ಜಾರುವ ರಸ್ತೆಯಲ್ಲಿ ಕ್ಷಣ ಹೊತ್ತು ಬ್ರೇಕ್ ಸಡಿಲ ಅನ್ನಿಸುತ್ತದೆ ಅಂತ ಓಡಿಸುವವರು ದೂರು ಕೊಟ್ಟಿದ್ದರು. ಅವರೆಲ್ಲಾ "ಹೈಬ್ರಿಡ್ ಅಂದ್ರ ಹಂಗ ಇರ್ತದ" ಅಂತ ಸುಮ್ಮನಿದ್ರ?

6/10

ಪರೀಕ್ಷೆ. ದುಡ್ಡು ಬ್ಯಾಡ, ಪಾನಾ ಬ್ಯಾಡ, ಎರಡು ನಿಮಿಷ ಸಾಕು.

ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು, ಕಾಯಿ ಒಡೆದು, ಗಾಲಿಗೆ ಲಿಂಬಿಹಣ್ಣು ಇಡ್ತೀವಿ. ಬಿಡ್ರಿ ಅಂತ ನಾ ಅನ್ನೂದಿಲ್ಲ, ಅವ್ವ ಕೇಳೂದೂ ಇಲ್ಲ. ಅದ ದಿನ ಇದನ್ನೂ ಮಾಡ್ರಿ. ತಿಂಗಳಿಗೊಮ್ಮೆ ತಪ್ಪದೆ ಬರುವ ಸರ್ವಿಸ್ ಅಲಾರಾಂ ಅಂದ್ರ ಅಮಾವಾಸ್ಯೆ.

ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಡ್ರಿ. ಪಾರ್ಕಿಂಗಿಗೆ ಹಾಕಿ ಗಾಡಿ ಆನ್ ಮಾಡ್ರಿ. ಪೆಡಲ್ ಗಟ್ಟಿಯಾಗಿ ಒತ್ತಿ, ಹಂಗ ಹಿಡಿದು ಅರವತ್ತು ಎಣಿಸ್ರಿ. ಇಳಿಯುತ್ತಾ ಹೋದರೆ ಎರಡನೇ ಜಡ್ಡು. ಬಿಟ್ಟು ಬಿಟ್ಟು ಮೂರು ಸಲ ಒತ್ತಿದಾಗ ಮೇಲೆ ಬಂದರೆ ಒಂದನೇದು ಅಥವಾ ಮೂರನೇದು.

ಆಮೇಲೆ ಬಾನೆಟ್ ತೆಗೆದು ಬ್ರೇಕ್ ಎಣ್ಣೆ ಡಬ್ಬಿ ನೋಡ್ರಿ. ಮ್ಯಾಕ್ಸ್, ಮಿನ್ ಅಂತ ಎರಡು ಗೆರೆ ಇರುತ್ತವೆ. ಮಟ್ಟ ಮೊಬೈಲಿನಾಗ ಫೋಟೋ ಹೊಡೆದಿಡ್ರಿ, ಮುಂದಿನ ಅಮಾವಾಸ್ಯೆಗೆ ಅದರ ಜೊತಿ ಹೋಲಿಸ್ರಿ. ಪ್ಯಾಡ್ ಸವೆದ ಹಾಗೆ ವರ್ಷಗಟ್ಟಲೆಯಲ್ಲಿ ಸ್ವಲ್ಪ ಇಳಿಯುವುದು ಸಹಜ. ಒಂದು ತಿಂಗಳಲ್ಲಿ ಕಣ್ಣಿಗೆ ಕಾಣುವಷ್ಟು ಇಳಿದರೆ ಅದು ಸೋರಿಕೆ. ನಾಲ್ಕೂ ಗಾಲಿಯ ಒಳಮಗ್ಗಲು ಬಗ್ಗಿ ನೋಡ್ರಿ, ಒದ್ದಿ ಕಲೆ ಐತೇನು?

ಓಡಿಸ್ತಾ ಇದ್ದಾಗಲೇ ಪೆಡಲ್ ಕೆಳಗ ಹೋತಂದ್ರ? ಗಾಬರಿ ಆಗಬ್ಯಾಡ್ರಿ. ಆಕ್ಸಿಲರೇಟರ್ ಪೂರ್ತಿ ಬಿಡ್ರಿ, ರೀಜೆನ್ ಹಿಡೀತದ. ಪೆಡಲ್ ಬಿಟ್ಟು ಬಿಟ್ಟು ಒತ್ತುತ್ತಲೇ ಇರ್ರಿ. ಹಜಾರ್ಡ್ ದೀಪ ಹಾಕ್ರಿ. ಕೈ ಬ್ರೇಕ್ ಇದ್ದರೆ ನಿಧಾನವಾಗಿ ಎಳೀರಿ, ಗಕ್ಕನೆ ಅಲ್ಲ. ನ್ಯೂಟ್ರಲ್ ಮಾಡಬ್ಯಾಡ್ರಿ, ರೀಜೆನ್ ಹೋಗ್ತದ. ಗಾಡಿ ಆಫ್ ಮಾಡಬ್ಯಾಡ್ರಿ, ಸ್ಟೇರಿಂಗ್ ಬಿಗೀತದ.

ನಿಂತ ಮೇಲೆ ಅದೇ ಗಾಡಿ ಓಡಿಸ್ಕೊಂಡು ಗ್ಯಾರೇಜಿಗೆ ಹೋಗೂ ಶೂರತನ ಬ್ಯಾಡ. ಎತ್ತಿಸ್ಕೊಂಡು ಹೋಗ್ರಿ.

7/10

ಇದನ್ನೆಲ್ಲ ಗೂಗಲ್ ನೋಡಿ ಉರು ಹೊಡೆದು ಬರ್ಲಾಕತ್ತಾನ ಅನ್ನೂರಿಗೆ ಒಂದು ಕಣ್ಣಾರೆ ಕಂಡ ಪ್ರಕರಣ.

ತಿಕೋಟಾ ಕಡೆ ನಮ್ಮ ಸೋದರಮಾವ ದ್ರಾಕ್ಷಿ ಬೆಳೀತಾನ. ಮೂರು ವರ್ಷ ಹಳೇದು, ಸೆಕೆಂಡ್ ಹ್ಯಾಂಡ್ ಸಣ್ಣ ಇವಿ ತಗೊಂಡ. ಒಣದ್ರಾಕ್ಷಿ ಸ್ಯಾಂಪಲ್ ತಗೊಂಡು ವಿಜಯಪುರಕ್ಕ, ಒಮ್ಮೊಮ್ಮೆ ತಾಸಗಾಂವ್ ಪ್ಯಾಟಿಗೆ ಹೋಗ್ತಾನ. ಹೋದ ವರ್ಷ ಪೆಡಲ್ ಮೆತ್ತಗಾತು, ಕೆಂಪು ಬ್ರೇಕ್ ದೀಪ ಹತ್ತಿತು.

ಮೊದಲ ಜಾಗ. ಹೆಸರು ಬ್ಯಾಡ. "ಕಾಕಾ, ಇವಿ ರೀಜೆನ್ ಇರ್ತದಲ್ರೀ, ಪೆಡಲ್ ಹಿಂಗ ಅನಸ್ತದ." ಗಾಡಿ ಎತ್ತಿ ಸುದ್ಧಾ ನೋಡಲಿಲ್ಲ.

ಎರಡನೇ ಜಾಗ. ಡಬ್ಬಿ ಮುಚ್ಚಳ ತೆಗೆದರು, ಎಣ್ಣೆ ಸುರಿದರು, ದೀಪ ಆರಿತು. "ಆತು ನೋಡ್ರಿ." ಮಾವ ಖುಷಿ. ಎರಡು ವಾರಕ್ಕ ದೀಪ ಮತ್ತ ಹತ್ತಿತು. ಮತ್ತ ಸುರಿದರು. ಇದು ಮೂರು ಸಲ ಆತು.

ಯೋಚನೆ ಮಾಡ್ರಿ. ಆ ಎಣ್ಣಿ ಎಲ್ಲಿ ಹೋಗ್ತಿತ್ತು? ಬ್ರೇಕ್ ಲೈನ್ ಮುಚ್ಚಿದ ನಳಿಗೆ. ಅದೇನು ಪೆಟ್ರೋಲ್ ಅಲ್ಲ, ಸುಟ್ಟು ಹೋಗಾಕ. ಹೊಲಕ್ಕ ನೀರು ಬಿಟ್ಟಾಗ ಒಡ್ಡು ಒಡೆದಿದ್ರ ನೀವು ಒಡ್ಡು ಹುಡುಕ್ತೀರೋ, ಮೋಟರ್ ಇನ್ನೊಂದು ತಾಸು ಓಡಿಸ್ತೀರೋ?

ಕಡೀಕ ವಿಜಯಪುರದಾಗ ಒಬ್ಬ ವಯಸ್ಸಾದ ಮಿಸ್ತ್ರಿ ಹಿಂದಿನ ಎಡಗಡೆ ಡ್ರಮ್ ಬಿಚ್ಚಿದರು. ಒಳಗ ವೀಲ್ ಸಿಲಿಂಡರ್ ಸೀಲ್ ಹೋಗಿತ್ತು. ಎಣ್ಣಿ ಸೋರಿ ಶೂ ಪೂರಾ ತೊಯ್ದಿತ್ತು. ಎಣ್ಣಿ ತೊಯ್ದ ಶೂ ಹಿಡಿಯೂದಿಲ್ಲ, ಜಾರ್ತದ. ಲೈನಿನಾಗಿನ ಎಣ್ಣಿ ಚಹಾದ ಡಿಕಾಕ್ಷನ್ ಬಣ್ಣ ಆಗಿತ್ತು. ವೀಲ್ ಸಿಲಿಂಡರ್ ಬದಲಿ, ಎರಡೂ ಬದಿ ಹೊಸ ಶೂ, ಲೈನ್ ಪೂರ್ತಿ ಹೊಸ ಎಣ್ಣಿ, ಗಾಳಿ ತೆಗೆದದ್ದು. ಅರ್ಧ ದಿನದ ಕೆಲಸ. ಪೆಡಲ್ ಮೊದಲ ಒತ್ತಿಗೇ ಗಟ್ಟಿ.

ನನಗ ಸಿಟ್ಟು ಬಂದದ್ದು ಯಾಕಂದ್ರ, ಆ ಆರು ವಾರ ಅತ್ತಿ, ಮಕ್ಕಳು ಅದೇ ಗಾಡಿಯಾಗ ಓಡಾಡಿದ್ರು. ಎರಡನೇ ಜಾಗದವರು ಜಡ್ಡು ಉಳಿಸಿ ದೀಪ ಆರಿಸಿದ್ರು. ಆ ದೀಪ ಒಬ್ಬನೇ ಖರೇ ಹೇಳ್ತಿದ್ದ, ಅವನ ಬಾಯಿಗೆ ಎಣ್ಣಿ ಹಾಕಿ ಮುಚ್ಚಿಸಿದ್ರು.

8/10

ಹಂಗಾದ್ರ ಸರಿಯಾದ ರಿಪೇರಿ ಹೆಂಗಿರ್ತದ? ನೀವೇ ಮಾಡ್ರಿ ಅಂತ ಅಲ್ಲ, ಮಾಡುವಾಗ ಹತ್ರ ನಿಂತು ನೋಡಾಕ ಗೊತ್ತಿರಲಿ ಅಂತ. ಬಂಗಾರದ ಅಂಗಡಿಯಾಗ ತೂಕ ನೋಡ್ತೀವಲ್ಲ, ಇಲ್ಲಿ ಯಾಕ ನೋಡಬಾರದು?

ಮೊದಲು ಕಾರಣ ಹುಡುಕೋದು, ಆಮೇಲೆ ಗಾಳಿ ತೆಗೆಯೋದು. ನಾಲ್ಕೂ ಗಾಲಿ ಬಿಚ್ಚಬೇಕು, ಡ್ರಮ್ ತೆಗೆಯಬೇಕು, ಹೋಸ್ ಉಬ್ಬಿದೆಯೇ ಬಿರುಕು ಬಿಟ್ಟಿದೆಯೇ ನೋಡಬೇಕು, ಕ್ಯಾಲಿಪರ್ ಪಿನ್ ಕೈಯಿಂದ ಜಾರಿಸಿ ನೋಡಬೇಕು.

ಗಾಳಿ ತೆಗೆಯುವಾಗ ಒಬ್ಬರು ಪೆಡಲ್ ಒತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ಗಾಲಿಯ ಹತ್ತಿರದ ನಿಪ್ಪಲ್ ಸಡಿಲ ಮಾಡುತ್ತಾರೆ. ಪಾರದರ್ಶಕ ಪೈಪಿನ ಒಂದು ತುದಿ ನಿಪ್ಪಲ್‌ಗೆ, ಇನ್ನೊಂದು ತುದಿ ಎಣ್ಣೆ ಇರುವ ಬಾಟಲಿಯೊಳಗೆ ಮುಳುಗಿರಬೇಕು. ನಿಪ್ಪಲ್ ಮುಚ್ಚಿದ ಮೇಲೆಯೇ ಪೆಡಲ್ ಬಿಡಬೇಕು, ಇಲ್ಲಾಂದ್ರ ಹೊರಗ ಹೋದ ಗಾಳಿ ತಿರುಗಿ ಒಳಗ. ಗುಳ್ಳೆ ನಿಲ್ಲುವವರೆಗೆ, ಬಣ್ಣ ತಿಳಿಯಾಗುವವರೆಗೆ ಇದೇ ಕೆಲಸ. ಮೇಲಿನ ಡಬ್ಬಿ ಒಂದು ಸಲವೂ ಖಾಲಿಯಾಗಬಾರದು. ಯಾವ ಗಾಲಿ ಮೊದಲು ಎಂಬುದು ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ.

ಎಣ್ಣೆ ಯಾವುದು ಅಂತ ಡಬ್ಬಿ ಮುಚ್ಚಳದ ಮೇಲೆ ಇರುತ್ತದೆ. ಅದನ್ನೇ, ಸೀಲ್ ಒಡೆಯದ ಬಾಟಲಿಯಿಂದ. ಕಪಾಟಿನಾಗ ವರ್ಷದಿಂದ ಅರ್ಧ ಉಳಿದದ್ದು ಬ್ಯಾಡ, ಅದು ಆಗಲೇ ತೇವ ಕುಡಿದು ಕುಂತಿರ್ತದ. ಎಂಜಿನ್ ಆಯಿಲ್, ಸ್ಟೇರಿಂಗ್ ಆಯಿಲ್ ತಪ್ಪಿ ಬಿದ್ರೆ ರಬ್ಬರ್ ಸೀಲುಗಳು ಉಬ್ಬಿ ಇಡೀ ವ್ಯವಸ್ಥೆ ಹಾಳು. ಡಾಟ್ 5 ಸಿಲಿಕಾನ್ ಜಾತಿ, ಅದನ್ನು ಡಾಟ್ 4ರ ಜೊತೆ ಬೆರೆಸಬಾರದು. ಡಾಟ್ 5.1 ಬೇರೆ, ಹೆಸರು ನೋಡಿ ಮೋಸ ಹೋಗಬ್ಯಾಡ್ರಿ.

ಎಲೆಕ್ಟ್ರಾನಿಕ್ ಬೂಸ್ಟರ್ ಇರುವ ಗಾಡಿಗಳಲ್ಲಿ ಕೆಲವಕ್ಕೆ ಸ್ಕ್ಯಾನರ್ ಹಚ್ಚಿ ಸರ್ವಿಸ್ ಮೋಡಿಗೆ ಹಾಕಿಯೇ ಗಾಳಿ ತೆಗೆಯಬೇಕು. ಎಬಿಎಸ್ ಒಳಗೆ ಸಿಕ್ಕ ಗಾಳಿಗೂ ಹಾಗೇ. ಅಂಥ ಗಾಡಿಗೆ ಸ್ಕ್ಯಾನರ್ ಇಲ್ಲದವರ ಕೈ ಹಚ್ಚಿಸಬ್ಯಾಡ್ರಿ.

9/10

ಈಗ ಎರಡೂ ಕಡೆಯವರ ಜೊತಿ ಜಗಳ.

ಶೋರೂಮ್ ಕಡೆಯವರು: "ಇವಿ ಅಂದ್ರ ಹೈ ವೋಲ್ಟೇಜ್. ಹೊರಗಿನವರು ಮುಟ್ಟಿದ್ರ ಸಾಯ್ತಾರ. ನಮ್ಮ ಹತ್ರನ ಬರ್ರಿ." ಅರ್ಧ ಖರೇ, ಮತ್ತದ ಹಳೇ ಆಟ. ಕಿತ್ತಳೆ ಬಣ್ಣದ ಕೇಬಲ್ ನೂರಾರು ವೋಲ್ಟಿನದು, ತರಬೇತಿ ಇಲ್ಲದವರು ಮುಟ್ಟಲೇಬಾರದು. ಆದ್ರ ಹಿಂದಿನ ಡ್ರಮ್ಮಿನ ವೀಲ್ ಸಿಲಿಂಡರಿನಾಗ ಯಾವ ಹೈ ವೋಲ್ಟೇಜ್ ಐತಿ? ಅಲ್ಲಿರೋದು ಎಣ್ಣಿ, ರಬ್ಬರ್, ಸ್ಪ್ರಿಂಗ್. ಬ್ಯಾಟರಿ ಹೆಸರು ಹೇಳಿ ಬ್ರೇಕ್ ಬೀಗ ಹಾಕಬ್ಯಾಡ್ರಿ. ಹಳ್ಳಿ ಗಾಡಿ ಪ್ರತಿ ಸಣ್ಣ ಕೆಲಸಕ್ಕೂ ದೂರದ ನಗರಕ್ಕ ಹೋಗಬೇಕು ಅಂದ್ರ, ಜನ ಹೋಗೂದಿಲ್ಲ. ಹೋಗದಿದ್ರ ಬ್ರೇಕ್ ಹಂಗ ಉಳೀತದ. ನೀವು ಸುರಕ್ಷತೆ ಹೆಸರಿನಾಗ ಮಾಡಿದ್ದು ಅಸುರಕ್ಷತೆ.

ನಮ್ಮೂರ ಗ್ಯಾರೇಜ್ ಅಣ್ಣಂದಿರು: "ಇವಿ ನಮಗ ಬ್ಯಾಡಪಾ, ಕೈ ಹಚ್ಚೂದಿಲ್ಲ." ಅಣ್ಣಾ, ನಿಮ್ಮ ಅಂಜಿಕಿ ತಿಳೀತದ. ಆದ್ರ ಇಂದು ಬ್ಯಾಡ ಅಂದ ಗಾಡಿ ನಾಳೆ ನಿಮ್ಮ ಅಂಗಡಿ ಮುಂದ ಇಪ್ಪತ್ತು ನಿಲ್ತಾವ. ದೇಶದಾಗ ಮೊದಲು ಇವಿ ನೀತಿ ತಂದ ರಾಜ್ಯ ನಮ್ಮದು, 2017ರಲ್ಲಿ. ನೀತಿ ಬಂದು ಇಷ್ಟು ವರ್ಷ ಆತು, ನಮ್ಮೂರ ಮಿಸ್ತ್ರಿ ಕೈಗೆ ತರಬೇತಿ ಬಂದಿಲ್ಲ ಅಂದ್ರ ಅದು ಅವನೊಬ್ಬನ ತಪ್ಪೇನು? ಐಟಿಐಗಳಿಗೆ ಎಲೆಕ್ಟ್ರಿಕ್ ವಾಹನ ಮೆಕ್ಯಾನಿಕ್ ಅನ್ನೋ ಎರಡು ವರ್ಷದ ಕೋರ್ಸೇ ಐತಿ. ಅದು ನಮ್ಮ ತಾಲೂಕಿನ ಹುಡುಗರಿಗೂ ಸಿಗಬೇಕು, ಈಗಾಗಲೇ ಕೆಲಸ ಮಾಡುವ ಮಿಸ್ತ್ರಿಗಳಿಗೆ ಸಣ್ಣ ತರಬೇತಿಯಾದ್ರೂ ಸಿಗಬೇಕು. ಚಾರ್ಜಿಂಗ್ ಸ್ಟೇಷನ್ ಉದ್ಘಾಟನೆಗೆ ರಿಬ್ಬನ್ ಕತ್ತರಿಸೋರು ಇದನ್ನೂ ಸ್ವಲ್ಪ ನೋಡ್ಲಿ.

ಮತ್ತೆ ನಮ್ಮ ರೀಲ್ಸ್ ಹುಡುಗರು. "ಝೀರೋ ಮೇಂಟೆನೆನ್ಸ್" ಅಂತ ಮ್ಯೂಸಿಕ್ ಹಾಕಿ ಬಿಡ್ತೀರಲ್ಲ, ಕಡಿಮೆಗೂ ಸೊನ್ನೆಗೂ ಇರೋ ಫರಕ್ ಬಿಕಾಂ ಮೊದಲ ಸೆಮಿಸ್ಟರಿನವಗೂ ಗೊತ್ತು. ನಾನು ಇವಿ ವಿರೋಧಿ ಅಲ್ಲ. ಪೆಟ್ರೋಲ್ ಕಾರಿನ ಬ್ರೇಕ್ ಎಣ್ಣಿನೂ ಹಿಂಗ ತೇವ ಕುಡೀತದ. ಆದ್ರ ಪೆಟ್ರೋಲ್ ಕಾರಿನವ ಎಂಜಿನ್ ಆಯಿಲ್ ನೆವಕ್ಕಾದರೂ ಗ್ಯಾರೇಜಿಗೆ ಹೋಗ್ತಾನ, ಅಲ್ಲಿ ಯಾರೋ ಬ್ರೇಕ್ ಮ್ಯಾಲೆ ಕಣ್ಣು ಹಾಕ್ತಾರ. ಇವಿಯವಗ ಆ ನೆವವೂ ಇಲ್ಲ.

10/10

ಕಡೀ ಕ್ಯಾಪ್ಶನ್. ಕೇಳೋದು ಕೇಳೇಬಿಡ್ತೀನಿ.

ಆಡಿಟಿಂಗಿನಾಗ ಒಂದು ಮಾತು ಕಲಿಸ್ತಾರ: ವೌಚರ್ ಇಲ್ಲದ ಎಂಟ್ರಿ ನಂಬಬಾರದು. "ಬ್ರೇಕ್ ಚೆಕ್ ಮಾಡೀವಿ, ಓಕೆ ಐತಿ" ಅನ್ನೋದು ವೌಚರ್ ಇಲ್ಲದ ಎಂಟ್ರಿ. ಇನ್ನು ಮುಂದೆ ಸರ್ವಿಸ್ ಬಿಲ್ಲಿನಲ್ಲಿ ಮೂರು ಸಾಲು ಬರೆಸ್ಕೊಳ್ರಿ. ನಾಲ್ಕೂ ಗಾಲಿಯ ಪ್ಯಾಡ್ ಅಥವಾ ಶೂ ಎಷ್ಟು ಮಿಲಿಮೀಟರ್ ಉಳಿದಿದೆ. ಬ್ರೇಕ್ ಎಣ್ಣೆಯ ತೇವ ಅಳೆದಾಗ ಎಷ್ಟು ಬಂತು, ಅದಕ್ಕೆ ಪೆನ್ನಿನಂಥ ಸಣ್ಣ ಯಂತ್ರ ಸಿಗ್ತದ. ಎಣ್ಣೆ ಕೊನೆಯದಾಗಿ ಬದಲಿಸಿದ ದಿನಾಂಕ. ಬರೆದು ಕೊಡೂದಿಲ್ಲ ಅಂದ್ರ, ನೋಡಿಲ್ಲ ಅಂತ ಅರ್ಥ.

ಸೆಕೆಂಡ್ ಹ್ಯಾಂಡ್ ಇವಿ ತಗೊಳ್ಳೂರು ಬ್ಯಾಟರಿ ಹೆಲ್ತ್ ಅಷ್ಟ ಕೇಳಬ್ಯಾಡ್ರಿ. ಈ ಮೂರು ಸಾಲೂ ಕೇಳ್ರಿ.

ಕಾನೂನು ನಮ್ಮ ಮ್ಯಾಲೂ ಐತಿ, ನಮ್ಮ ಕಡೆಗೂ ಐತಿ. ಮೋಟಾರು ವಾಹನ ಕಾಯ್ದೆ 1988ರ 190ನೇ ಸೆಕ್ಷನ್ ಪ್ರಕಾರ ದೋಷ ಗೊತ್ತಿದ್ದೂ, ಅಥವಾ ನೋಡಿದ್ದರೆ ಗೊತ್ತಾಗುವಂತಿದ್ದೂ, ಅಪಾಯಕಾರಿ ಗಾಡಿ ಓಡಿಸಿದರೆ ದಂಡ 1,500 ರೂಪಾಯಿವರೆಗೆ. ಅದರಿಂದ ಅಪಘಾತವಾಗಿ ಯಾರಿಗಾದರೂ ಪೆಟ್ಟಾದರೆ ಮೂರು ತಿಂಗಳವರೆಗೆ ಜೈಲೂ ಆಗಬಹುದು. "ಮೆಕ್ಯಾನಿಕ್ ಹಂಗ ಇರ್ತದ ಅಂದ" ಅಂತ ಅಲ್ಲಿ ಹೇಳಿದ್ರ ನಡಿಯೂದು ಕಷ್ಟ. ಇನ್ನೊಂದು ಕಡೆ, ದುಡ್ಡು ತಗೊಂಡು ಸೇವೆ ಸರಿ ಕೊಡದವರ ಮೇಲೆ ಗ್ರಾಹಕ ರಕ್ಷಣಾ ಕಾಯ್ದೆ 2019ರ ಅಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ದುಡ್ಡು 5 ಲಕ್ಷ ರೂಪಾಯಿ ಒಳಗಿದ್ದರೆ ಅರ್ಜಿಗೆ ಫೀ ಇಲ್ಲ. ಮೊದಲು 1915ಕ್ಕೆ ಫೋನ್ ಹಚ್ಚಿ ಸಹಾಯವಾಣಿಗೆ ಹೇಳ್ರಿ. ಆದ್ರ ಕೈಯಾಗ ಬಿಲ್ ಇರಬೇಕು. ಬಿಲ್ ಇಲ್ಲದ ನೂರು ರೂಪಾಯಿ ಉಳಿಸಿದವ, ನಾಳೆ ಸಾಕ್ಷಿ ಇಲ್ಲದ ನಿಲ್ತಾನ.

ಬಾಟಲಿ ಬ್ರೇಕ್ ಎಣ್ಣಿ ರೇಟು ಕೆಲವು ನೂರು ರೂಪಾಯಿ. ಗೆಳೆಯನ ಬರ್ತ್‌ಡೇ ಕೇಕ್ ಇದಕ್ಕಿಂತ ತುಟ್ಟಿ ಆಗ್ತದ. ಹಂಗಿದ್ದೂ ನಾವು "ಹಂಗ ಇರ್ತದ" ಅಂತೀವಿ, ಯಾಕಂದ್ರ ಆ ಮಾತಿಗೆ ದುಡ್ಡು ಬೀಳೂದಿಲ್ಲ, ತಲಿ ಓಡಿಸೂದು ಬೇಕಾಗಿಲ್ಲ.

ಬರೋ ಅಮಾವಾಸ್ಯೆಗೆ ನಿಮ್ಮ ಮನಿ ಗಾಡಿ, ಕಾಕಾನ ಗಾಡಿ, ಪಕ್ಕದ ಮನಿ ಅಜ್ಜಾರ ಗಾಡಿ, ಯಾವುದಾದರೂ ಒಂದರ ಪೆಡಲ್ ಒತ್ತಿ ಅರವತ್ತು ಎಣಿಸ್ರಿ. ಪೆಡಲ್ ಎಲ್ಲಿ ನಿಂತಿತು ಅಂತ ಕಮೆಂಟಿನಾಗ ಬರೀರಿ. ಇಳೀತು ಅಂದವರು ಗಾಡಿ ತೆಗೀಬ್ಯಾಡ್ರಿ, ಮೊದಲು ಫೋನ್ ತೆಗೀರಿ.

ಸರಣಿ ಸೇವ್ ಮಾಡ್ಕೊಳ್ರಿ, ಮನಿ ಗ್ರೂಪಿಗೆ ಕಳಸ್ರಿ. ಲೈಕ್ ಬರಲಿ ಬಿಡಲಿ, ನಡಿಯೂದು ಹೆಂಗಾದ್ರೂ ನಡೀತದ. ನಿಲ್ಲೂದು ಬರೋಬ್ಬರಿ ನಿಲ್ಬೇಕು.

#ಬಬಲೇಶ್ವರ #ತಿಕೋಟಾ #ವಿಜಯಪುರ #ಎಲೆಕ್ಟ್ರಿಕ್_ಕಾರು #ಬ್ರೇಕ್_ನೋಡ್ರಿ #ಹಂಗ_ಇರೂದಿಲ್ಲ